ಎಸ್ತೆವ ಯಾರವನು

ನಮ್ಮ ಕಡೆ ಹಾಡುಗಾರರು ಹಾಡು ಶುರುಮಾಡುವ ಮೊದಲು ಅದನ್ನು ಕಟ್ಟಿದ ದೊರೆಯ ಬದುಕನ್ನು ನಾಲ್ಕು ಮಾತಿನಲ್ಲಿ ಹೇಳುತ್ತಾರೆ. ಇಂಥ ದೊರೆ ಇಂಥ ಕೋಟೆಯಲ್ಲಿ ಹುಟ್ಟಿದ, ನೋಡಲು ಚೆಲುವ, ಮಾತಿನಲ್ಲಿ ಜಾಣ, ಇಂಥ ದೊರೆಸಾನಿಯನ್ನು ಮೆಚ್ಚಿದ, ಅವಳು ಒಲಿಯಲಿಲ್ಲ, ಇವನು ಕೊರಗಿ ಕೊರಗಿ ಮಠ ಸೇರಿದ. ಎಲ್ಲರದೂ ಹೆಚ್ಚುಕಡಿಮೆ ಇದೇ ಕಥೆ. ಹಾಗೆ ಕೊರಗಿದ ದೊರೆಗಳಲ್ಲಿ ಕೆಲವರು ನನ್ನ ಒಲೆಯ ರೊಟ್ಟಿ ತಿಂದವರು. ಕೊರಗಿದ್ದನ್ನು ನಾನಂತೂ ಕಾಣೆ, ಎರಡನೇ ಸಲ ಬಡಿಸಿಕೊಂಡಿದ್ದನ್ನು ಕಂಡಿದ್ದೇನೆ.

ಆ ಹಾಡುಗಳನ್ನು ಊರೂರಿಗೆ ಹೊತ್ತು, ಮಳೆಯಲ್ಲಿ ನೆಂದು, ಕಂಡವರ ನಾಯಿಗಳಿಂದ ಕಚ್ಚಿಸಿಕೊಂಡು ಹಾಡಿದವರ ಬದುಕನ್ನು ಯಾರೂ ಹೇಳುವುದಿಲ್ಲ. ಒಬ್ಬನದನ್ನು ಮಾತ್ರ ಹೇಳುತ್ತಾರೆ, ಎಸ್ತೆವನದು. ಅದೂ ಸುಳ್ಳು. ಸರಿಯಾದದ್ದನ್ನು ನಾನು ಹೇಳುತ್ತೇನೆ. ನಾನು ರೊಕಲಾವ ಕೋಟೆಯ ರೊಟ್ಟಿ ಒಲೆಯವಳು, ಮಾಬಿಲಾ. ಕೋಟೆಯಲ್ಲಿ ನಡೆದದ್ದೆಲ್ಲ ಬೆಚ್ಚಗಿರುವ ಜಾಗಕ್ಕೆ ಬಂದೇ ಬರುತ್ತದೆ.

ಎಸ್ತೆವ ಚೆಲುವನಲ್ಲ. ಎರಡು ಕಿವಿಯೂ ಹೊರಗೆ ಚಾಚಿಕೊಂಡಿದ್ದವು, ನಡೆದರೆ ಒಂದು ಭುಜ ಕೆಳಗೆ. ಚಿಕ್ಕಂದಿನಲ್ಲಿ ನೀರು ಹೊತ್ತು ಹಾಗಾಗಿತ್ತು. ಆದರೆ ಬಾಯಿ ತೆರೆದು ಹಾಡಿದನೆಂದರೆ ಅಂಗಳದಲ್ಲಿ ಕುದುರೆಗೆ ಲಾಳ ಹೊಡೆಯುವವನೂ ಸುತ್ತಿಗೆ ಕೆಳಗಿಡುತ್ತಿದ್ದ. ವಿಯೊಲದ ತಂತಿಯ ಮೇಲೆ ಬಿಲ್ಲು ಎಳೆಯುತ್ತಿದ್ದ ಬೆರಳುಗಳು ಮಾತ್ರ ಅವನ ಮೈಯವಲ್ಲವೇನೋ ಅನ್ನುವಷ್ಟು ನಾಜೂಕು.

ಅವನು ಹುಟ್ಟಿದ್ದು ಕೆಳಗಿನ ಕಣಿವೆಯ ಮಠದ ಜೀತದಲ್ಲಿ. ಅಪ್ಪ ಅಮ್ಮ ಮಠದ ಸೊತ್ತು, ಆದ್ದರಿಂದ ಇವನೂ ಸೊತ್ತು. ಇವನಿಗೆ ಹುಟ್ಟುವ ಮಕ್ಕಳೂ ಹಾಗೆಯೇ. ಮದುವೆಗೆ ಮಠದ ಅಪ್ಪಣೆ ಬೇಕು, ಊರು ಬಿಡಲು ಅಪ್ಪಣೆ ಬೇಕು. ಮೀಸೆ ಮೂಡುವ ಹೊತ್ತಿಗೆ ಅವನು ಅಪ್ಪಣೆ ಕೇಳದೆ ಊರು ಬಿಟ್ಟ. ಬೆಟ್ಟದಾಚೆ ಗಾಸ್ತೊ ಎಂಬ ದೊರೆಯಿದ್ದ. ಹಾಡು ಕಟ್ಟುವ ಹುಚ್ಚು, ಆದರೆ ಗಂಟಲು ಕಪ್ಪೆಯದು. ಮೈ ಭಾರದಿಂದ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಅವನು ಎಸ್ತೆವನನ್ನು ಇಟ್ಟುಕೊಂಡು ತನ್ನ ಹಾಡುಗಳನ್ನು ಕಲಿಸಿ ಕೋಟೆಕೋಟೆಗೆ ಕಳಿಸಿದ. ಎಲ್ಲಿಯವನೋ ಎಂದು ಯಾರಾದರೂ ಕೇಳಿದರೆ ಎಸ್ತೆವ "ತುಲೂಸ್ ಕಡೆ" ಎನ್ನುತ್ತಿದ್ದ. ತುಲೂಸ್ ದೊಡ್ಡದು, ಅಲ್ಲಿ ಯಾರು ಹೋಗಿ ವಿಚಾರಿಸುತ್ತಾರೆ?

ಗಾಸ್ತೊ ದೊರೆಯ ಹಾಡುಗಳೆಲ್ಲ ನಮ್ಮ ದೊರೆಸಾನಿ ಸೌರಿನಾ ಅಮ್ಮನವರ ಮೇಲೆ. ಅವರನ್ನು ಅವನು ಕಣ್ಣಾರೆ ಕಂಡಿರಲಿಲ್ಲ. ಹಾಗೆ ಕಾಣದೆ ಪ್ರೀತಿಸುವುದು ದೊರೆಗಳಲ್ಲಿ ದೊಡ್ಡಸ್ತಿಕೆ. ಅಮ್ಮನವರಿಗೆ ಆ ಹಾಡುಗಳು ಬೇಕಿದ್ದವು. ಅವರು ಹೆತ್ತಿದ್ದು ಬರೀ ಹೆಣ್ಣುಮಕ್ಕಳನ್ನು. ಅತ್ತೆ ಜಪಮಾಲೆ ತಿರುಗಿಸುತ್ತ, ಇವಳನ್ನು ಯಾವ ಕನ್ಯಾಮಠಕ್ಕೆ ಅಟ್ಟಿ ಮಗನಿಗೆ ಬೇರೆ ಹೆಣ್ಣು ತರಲಿ ಎಂದು ನೋಡುತ್ತ ಕೂತಿರುತ್ತಿದ್ದಳು. ಹಾಡಿನಿಂದ ಅಮ್ಮನವರ ಹೆಸರು ಹಬ್ಬಿತು, ದೂರದ ಅತಿಥಿಗಳು ಬಂದರು. ಊರೆಲ್ಲ ಹೊಗಳುವ ಹೆಂಡತಿಯನ್ನು ಅಟ್ಟುವುದು ಗಂಡ ಇಸಾರ್ನ್ ದೊರೆಗೂ ಸುಲಭವಿರಲಿಲ್ಲ.

ಇನ್ನು ಕೈ ಒಪ್ಪಿಸುವ ಮಾತು. ನಮ್ಮಲ್ಲಿ ಗಂಡಸು ಒಬ್ಬ ದಣಿಗೆ ಸೇರಬೇಕಾದರೆ ತಲೆಗವುಸು ತೆಗೆದು, ಸೊಂಟದ ಪಟ್ಟಿ ಬಿಚ್ಚಿ, ಮಂಡಿಯೂರಿ, ಜೋಡಿಸಿದ ಕೈಗಳನ್ನು ದಣಿಯ ಎರಡು ಕೈಗಳ ನಡುವೆ ಇಟ್ಟು "ನಾನು ನಿಮ್ಮವನು" ಎನ್ನಬೇಕು. ದಣಿ ಎಬ್ಬಿಸಿದರೆ ಆಯಿತು, ಸಾಯುವವರೆಗೆ ಇವನಿಗೆ ಅವನು, ಅವನಿಗೆ ಇವನು. ಜೀತದವನು ಹೀಗೆ ಮಾಡುವಂತಿಲ್ಲ. ಅವನ ಕೈ ಹುಟ್ಟುವಾಗಲೇ ಬೇರೆಯವರದು, ಇಲ್ಲದ್ದನ್ನು ಒಪ್ಪಿಸುವುದೆಲ್ಲಿ ಬಂತು?

ಗಾಸ್ತೊ ದೊರೆ ತನ್ನ ಹಾಡಿನ ಕೊನೆಗೆ ಇದನ್ನೇ ಇಟ್ಟಿದ್ದ. ಕೊನೆಯ ಸಾಲಿಗೆ ಎಸ್ತೆವ ವಿಯೊಲವನ್ನು ಬದಿಗಿಟ್ಟು, ಅಮ್ಮನವರ ಮುಂದೆ ಮಂಡಿಯೂರಿ, ಕೈ ಜೋಡಿಸಿ ಅವರ ಕೈಯೊಳಗೆ ಇಡುತ್ತಿದ್ದ. ಅಮ್ಮನವರು ಎಬ್ಬಿಸುತ್ತಿದ್ದರು. ಸಭೆ ಹೋ ಎನ್ನುತ್ತಿತ್ತು. ಇಸಾರ್ನ್ ದೊರೆ ಎಲ್ಲರಿಗಿಂತ ಜೋರಾಗಿ ಮೇಜು ಕುಟ್ಟುತ್ತಿದ್ದ. ಪ್ರತಿ ಹಬ್ಬಕ್ಕೂ ಇದು ನಡೆಯುತ್ತಿತ್ತು. ಗಾಸ್ತೊ ದೊರೆ ಸತ್ತ ಮೇಲೆ ಎಸ್ತೆವ ನಮ್ಮಲ್ಲಿಯೇ ಉಳಿದ.

ಉಳಿದದ್ದು ಅಮ್ಮನವರಿಗಾಗಿ ಎಂದು ಹೊರಗಿನವರು ಹೇಳುತ್ತಾರೆ. ಅವನು ಉಳಿದದ್ದು ಬ್ರೂನಾಳಿಗಾಗಿ. ಬ್ರೂನಾ ಬಣ್ಣಗಾರನ ಮಗಳು, ಅಮ್ಮನವರ ಜಡೆ ಹೆಣೆಯುವವಳು. ಚೂಪು ಗಲ್ಲ, ಅದಕ್ಕಿಂತ ಚೂಪು ನಾಲಿಗೆ.

"ಏನೋ ಎಸ್ತೆವ, ಇವತ್ತು ಹಾಡಲ್ಲಿ ಎಷ್ಟು ಸಲ ಸತ್ತೆ?" ಎಂದು ಅವಳು ನನ್ನ ಒಲೆಯ ಮುಂದೆ ಕೂತು ಕೇಳುತ್ತಿದ್ದಳು.

"ಎರಡೇ ಸಲ ಕಣೇ. ಮೂರನೇ ಸಲ ಸಾಯೋಷ್ಟರಲ್ಲಿ ಕೆಮ್ಮು ಬಂತು."

"ಸಾಯೋನು ಉಪ್ಪು ಮೀನು ಅಷ್ಟೊಂದು ತಿನ್ತಾನಾ? ಮಾಬಿಲಕ್ಕ, ಇವನ ತಟ್ಟೆ ನೋಡು."

ಅವನು ಸುಟ್ಟ ಚೆಸ್ಟ್‌ನಟ್ ಬೀಜಗಳನ್ನು ಸುಲಿದು ಒಲೆಯ ಕಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದ. ಅವಳು ಮಾತಾಡುತ್ತಲೇ ಎಲ್ಲವನ್ನೂ ತಿಂದು ಮುಗಿಸುತ್ತಿದ್ದಳು. ದ್ರಾಕ್ಷಿ ಕೊಯ್ಲಾದ ಮೇಲೆ ಅಮ್ಮನವರ ಅಪ್ಪಣೆ ಕೇಳಿ ಮದುವೆ ಎಂದು ಮಾತಾಗಿತ್ತು. ತಾನು ಜೀತದ ಮನೆಯವನೆಂದು ಅವಳೊಬ್ಬಳಿಗೇ ಹೇಳಿದ್ದ. ನಾನು ಹಿಟ್ಟು ಜರಡಿ ಹಿಡಿಯುತ್ತಿದ್ದರಿಂದ ನನಗೂ ಗೊತ್ತಾಯಿತು.

ಕೊಯ್ಲಿನ ಹೊತ್ತಿಗೆ ಮಠದ ಹೇಸರಗತ್ತೆಗಳು ಉಪ್ಪು ಹೊತ್ತು ನಮ್ಮ ಅಂಗಳಕ್ಕೆ ಬಂದವು. ಹೊಡೆದುಕೊಂಡು ಬಂದಿದ್ದ ಮುದುಕ ಎಸ್ತೆವನನ್ನು ಕಂಡವನೇ ಚಾಟಿ ಎಸೆದು ಓಡಿಬಂದು ತಬ್ಬಿಕೊಂಡ. ಅವನು ಎಸ್ತೆವನ ಸೋದರಮಾವ.

"ಅಯ್ಯೋ ನನ್ನ ಕಂದ! ಸತ್ತೇ ಹೋದೆ ಅಂದ್ಕೊಂಡಿದ್ವಲ್ಲೋ! ನಿಮ್ಮಮ್ಮ ಕೊನೇ ಉಸಿರಿರೋವರೆಗೂ ನಿನ್ನ ಹೆಸರೇ ಹೇಳ್ತಾ ಇದ್ಲು!"

ಮಠದ ಪಾರುಪತ್ಯಗಾರ ಹಿಂದೆಯೇ ಕುದುರೆಯ ಮೇಲಿದ್ದ. ಮುದುಕನಿಗೆ ತಾನು ಮಾಡಿದ್ದು ತಿಳಿದಾಗ ಅವನು ಅಂಗಳದಲ್ಲೇ ಕುಸಿದು ಕೂತ. ಪ್ರೀತಿಯಿಂದ ಬಾಯಿಬಿಟ್ಟವನನ್ನು ಯಾರು ಬಯ್ಯುತ್ತಾರೆ? ಎಸ್ತೆವನೇ ಅವನಿಗೆ ನೀರು ತಂದುಕೊಟ್ಟ.

ಮಾರನೆಯ ದಿನ ಇಸಾರ್ನ್ ದೊರೆ ನ್ಯಾಯ ಕೇಳುವುದೆಂದಾಯಿತು. ಅಲ್ಲಿಯವರೆಗೆ ಎಸ್ತೆವನನ್ನು ನನ್ನ ಸೌದೆ ಕೋಣೆಯಲ್ಲಿ ಕೂಡಿಹಾಕಿದರು. ಬ್ರೂನಾ ಬಾಗಿಲ ಸಂದಿಗೆ ಬಾಯಿಟ್ಟು ಕೂತಳು. ಅತ್ತಳು, ಬೈದಳು, ಮತ್ತೆ ಅತ್ತಳು. ಆಮೇಲೆ ಇದ್ದಕ್ಕಿದ್ದಂತೆ ಮೂಗೊರೆಸಿಕೊಂಡು ನೆಟ್ಟಗೆ ಕೂತಳು.

"ಎಸ್ತೆವ, ನೀನು ಕೈ ಒಪ್ಪಿಸಿದೀಯಲ್ಲೋ."

"ಯಾರಿಗೆ?"

"ಅಮ್ಮಾವ್ರಿಗೆ. ಹಬ್ಬಹಬ್ಬಕ್ಕೂ. ದಣಿ ಕಣ್ಮುಂದೆ. ಅವರು ತಗೊಂಡು ಎಬ್ಬಿಸ್ತಾರಲ್ಲ?"

"ಅದು ಹಾಡು ಕಣೇ."

"ಮಂಡಿ ನಿಂದು ತಾನೇ? ಕೈ ನಿಂದು ತಾನೇ? ಜೀತದೋನ ಕೈನ ಯಾವ ದೊರೆಸಾನಿಯಾದ್ರೂ ತಗೋತಾಳಾ? ತಗೊಂಡ್ರು ಅಂದ್ಮೇಲೆ ನೀನು ಜೀತದೋನಲ್ಲ. ನಾಳೆ ಇಷ್ಟೇ ಹೇಳು. ಬೇರೆ ಏನೂ ಮಾತಾಡಬೇಡ."

ಇಂಥ ತಲೆ ಆ ಹುಡುಗಿಗೆ. ನಾನು ಮೆಚ್ಚಿ ಒಂದು ಜೇನಿನ ರೊಟ್ಟಿ ಕೊಟ್ಟೆ.

ಸಭೆಯಲ್ಲಿ ಪಾರುಪತ್ಯಗಾರ ಮೊದಲು ಮಾತಾಡಿದ. ಎಸ್ತೆವ ಹುಟ್ಟನ್ನು ಒಪ್ಪಿಕೊಂಡ, ಆಮೇಲೆ ಬ್ರೂನಾ ಹೇಳಿಕೊಟ್ಟದ್ದನ್ನು ಹೇಳಿದ. ಪಾರುಪತ್ಯಗಾರ ಬಿದ್ದು ಬಿದ್ದು ನಕ್ಕ.

"ದಣಿ, ಅದು ಹಾಡು! ಹಾಡಲ್ಲಿ ನಾನು ನಾನು ಅನ್ನೋನು ಸತ್ತ ಗಾಸ್ತೊ ದೊರೆ. ಇವನು ಬರೀ ಬಾಯಿ. ಚಳಿಗಾಲದ ಹಬ್ಬದಲ್ಲಿ ಬಿಷಪ್ ವೇಷ ಹಾಕೋ ಹುಡುಗ ಮಾರನೇ ದಿನ ನಮ್ಮ ಪಾಪ ಕ್ಷಮಿಸ್ತಾನಾ?"

ಸಭೆಗೂ ನಗು ಬಂತು. ಇಸಾರ್ನ್ ದೊರೆ ನಗಲಿಲ್ಲ. ಗಿರಣಿಯ ಕಾಲುವೆಯ ವಿಷಯಕ್ಕೆ ಮಠಕ್ಕೂ ಅವನಿಗೂ ಹಳೆಯ ಜಗಳ. ಮಠಕ್ಕೆ ಒಂದು ಕೋಳಿ ಬಿಟ್ಟುಕೊಡಲೂ ಅವನಿಗೆ ಮನಸ್ಸಿರಲಿಲ್ಲ. ಹೆಂಡತಿಯ ಕಡೆ ತಿರುಗಿದ.

"ನೀನೇ ಹೇಳು ಸೌರಿನಾ. ಆಟವೋ, ನಿಜವೋ?"

ಅತ್ತೆಯ ಜಪಮಾಲೆ ನಿಂತಿತು. ಆಟ ಎಂದರೆ ಎಸ್ತೆವ ಮಠಕ್ಕೆ, ಮತ್ತು ಅಮ್ಮನವರ ಹೆಸರು ಬೆಳೆಸಿದ ಹಾಡುಗಳೆಲ್ಲ ಮಕ್ಕಳಾಟ. ನಿಜ ಎಂದರೆ, ಗಂಡನ ಮುಂದೆಯೇ ಇನ್ನೊಬ್ಬ ಗಂಡಸಿನ ಪ್ರೇಮದ ಕೈಯನ್ನು ಬೇಕೆಂದೇ ಹಿಡಿದೆ ಎಂದು ಒಪ್ಪಿಕೊಂಡಂತೆ. ಬ್ರೂನಾ ಅಮ್ಮನವರ ಕುರ್ಚಿಯ ಹಿಂದೆ ಅವರ ಮೇಲುಹೊದಿಕೆ ಹಿಡಿದು ನಿಂತಿದ್ದಳು. ನಾನು ರೊಟ್ಟಿ ಬುಟ್ಟಿ ಹಿಡಿದು ಬಾಗಿಲಲ್ಲಿದ್ದೆ.

ಅಮ್ಮನವರು ಪಾರುಪತ್ಯಗಾರನನ್ನು ನೋಡಿದರು.

"ಗಾಸ್ತೊ ದೊರೆ ಈ ಮೆಟ್ಟಿಲು ಹತ್ತಿದವರಲ್ಲ. ಅವರ ಹೊಟ್ಟೆ ಬಿಡ್ತಿರಲಿಲ್ಲ. ನನ್ನ ಕೈಯೊಳಗೆ ಬಂದದ್ದು ಇವನ ಕೈ. ನಾನು ಇಡೀ ಸಭೆ ಮುಂದೆ ನಿಮ್ಮ ಮಠದ ಆಳಿನ ಕೈ ಹಿಡ್ಕೊಂಡು ಕೂತಿದ್ದೆ ಅಂತೀರಾ?"

"ಹಾಗಲ್ಲ ಅಮ್ಮಾವ್ರೇ..."

"ಮತ್ತೆ ಹೇಗೆ? ನನ್ನ ಕೈ ಆಟದ ಸಾಮಾನಲ್ಲ. ನಾನು ತಗೊಂಡಿದೀನಿ. ಅವನು ನನ್ನವನು."

ಪ್ರೀತಿಯಿಂದ ಹೇಳಿದರೆಂದು ಹಾಡುಗಾರರು ಹೇಳುತ್ತಾರೆ. ನಾನು ಮುಖ ನೋಡಿದೆ. ಅದು ಹಟ, ಜಂಬ, ಸ್ವಲ್ಪ ಹೆದರಿಕೆ. ಒಳ್ಳೆಯತನವೂ ಇತ್ತೆಂದು ಬೇಕಾದರೆ ಸೇರಿಸುತ್ತೇನೆ. ಇಸಾರ್ನ್ ದೊರೆ ಗಡ್ಡ ನೀವಿಕೊಂಡು, "ಹೆಂಡತಿಯವನು ಅಂದ್ಮೇಲೆ ನನ್ನವನೇ ಆದ. ಮಠದವರು ಉಪ್ಪಿಳಿಸಿ ಹೊರಡಬಹುದು," ಎಂದ. ಅಂಗಳದಲ್ಲಿ ಸೋದರಮಾವ ಹೇಸರಗತ್ತೆಯ ಕತ್ತು ತಬ್ಬಿಕೊಂಡು ಅತ್ತ.

ಆ ವಾರ ಕಳೆಯುವ ಮೊದಲೇ ಎಸ್ತೆವ, ಬ್ರೂನಾ ಇಬ್ಬರೂ ತಲೆ ಬಾಚಿಕೊಂಡು ಮದುವೆಯ ಅಪ್ಪಣೆ ಕೇಳಲು ಅಮ್ಮನವರ ಕೋಣೆಗೆ ಹೋದರು. ತುಂಬ ಹೊತ್ತಾಗಲಿಲ್ಲ. ಬ್ರೂನಾ ವಾಪಸು ಬಂದು ನನ್ನ ಹಿಟ್ಟಿನ ಮೂಟೆಯ ಮೇಲೆ ಕೂತಳು.

"ಏನಂದ್ರು?" ಎಂದೆ.

"ಮೊನ್ನೆವರೆಗೂ ಕೇಳಿದ್ರೆ ಕೊಡ್ತಿದ್ದೆ ಅಂದ್ರು."

"ಈಗೇನಂತೆ?"

"ಈಗ ಅವನು ಅಮ್ಮಾವ್ರವನು ಅಂತ ಸಭೆಗೆಲ್ಲ ಗೊತ್ತು. ನಾಳೆ ಅವನು ಜಡೆ ಹೆಣೆಯೋಳನ್ನ ಕಟ್ಕೊಂಡ್ರೆ, ಮಂಡಿಯೂರಿದ್ದು ಆಟವೇ ಅಂತ ಮಠದೋರು ಮತ್ತೆ ಬರ್ತಾರಂತೆ. ಅತ್ತೆ ಬೇರೆ ಕಾಯ್ತಾ ಕೂತಿದಾಳಂತೆ. 'ಇವನ ಬಿಡುಗಡೆ ಆ ಹಾಡಿನ ಮೇಲೆ ನಿಂತಿದೆ ಬ್ರೂನಾ, ನನ್ನ ಬಾಳೂ ಅದರ ಮೇಲೇ ನಿಂತಿದೆ. ಹಾಡು ನಿಜ ಅಂತ ನಾವೆಲ್ಲ ತೋರಿಸ್ತಾನೇ ಇರಬೇಕು' ಅಂದ್ರು." ಲಂಗಕ್ಕೆ ಹತ್ತಿದ ಹಿಟ್ಟು ಕೊಡವಿಕೊಂಡು, "ಸುಳ್ಳೇನೂ ಹೇಳಲಿಲ್ಲ ಅಕ್ಕ. ನಾನೇ ಕಟ್ಟಿದ ಗಂಟಲ್ವಾ," ಎಂದಳು.

ಓಡಿಹೋಗಬಹುದಿತ್ತು. ಕೋಟೆಯಿಂದಾಚೆ ಎಸ್ತೆವ ಯಾರವನೂ ಅಲ್ಲ, ದಾರಿಯಲ್ಲೇ ಮಠದವರು ಹಿಡಿಯುತ್ತಿದ್ದರು. ಹುಟ್ಟುವ ಮಕ್ಕಳ ಕೈಯೂ ಮಠದ್ದೇ ಆಗುತ್ತಿತ್ತು. ಬ್ರೂನಾ ಬೇಡವೆಂದಳು. ಅಮ್ಮನವರ ಮೇಲೆ ನನಗೆ ಆಗ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವರ ರೊಟ್ಟಿಗೆ ಒಂದಷ್ಟು ದಿನ ಉಪ್ಪು ಕಡಿಮೆ ಹಾಕಿದೆ. ಅವರಿಗೆ ಅದು ತಿಳಿಯಲೂ ಇಲ್ಲ.

ಹೀಗೆ ವರ್ಷಗಳು ಹೋದವು. ಹಬ್ಬ ಬಂದರೆ ಎಸ್ತೆವ ಹಾಡುತ್ತಿದ್ದ, ಮಂಡಿಯೂರುತ್ತಿದ್ದ, ಅಮ್ಮನವರ ಕೈಯೊಳಗೆ ಕೈ ಇಡುತ್ತಿದ್ದ. ಕುರ್ಚಿಯ ಹಿಂದೆ ಮೇಲುಹೊದಿಕೆ ಹಿಡಿದು ಬ್ರೂನಾ ನಿಂತಿರುತ್ತಿದ್ದಳು. ಅವನು ತಲೆ ಎತ್ತಿದರೆ ಕಣ್ಣು ಅಮ್ಮನವರ ಹೆಗಲ ಮೇಲಿಂದ ನೇರ ಅವಳ ಮೇಲೆ ಬೀಳುತ್ತಿತ್ತು. ಸಭೆ ಕಣ್ಣೊರೆಸಿಕೊಳ್ಳುತ್ತಿತ್ತು. ಎಂಥ ಭಕ್ತಿ, ಎಂಥ ಪ್ರೇಮ ಎನ್ನುತ್ತಿದ್ದರು. ಪ್ರೇಮವೇನೋ ನಿಜವೇ, ಜನ ನೋಡುತ್ತಿದ್ದ ಕಡೆ ಇರಲಿಲ್ಲ ಅಷ್ಟೆ.

ಮಿಕ್ಕ ದಿನಗಳಲ್ಲಿ ಅವನು ಬಾಗಿಲು ಕಾಯುತ್ತಿದ್ದ, ಸೌದೆ ಒಡೆಯುತ್ತಿದ್ದ, ಅಮ್ಮನವರ ಹೆಣ್ಣುಮಕ್ಕಳಿಗೆ ಹಾಡು ಹೇಳಿಕೊಡುತ್ತಿದ್ದ. ಚಳಿ ಬಂದರೆ ಒಲೆಯ ಕಟ್ಟೆಯ ಮೇಲೆ ಸುಲಿದ ಬೀಜಗಳ ಸಾಲು ತಪ್ಪುತ್ತಿರಲಿಲ್ಲ. ಅವಳಿಗೆ ಹಲ್ಲು ಹೋದ ಮೇಲೆ ಜಜ್ಜಿ ಇಡುತ್ತಿದ್ದ.

ಒಂದು ಸಲ ದೂರದಿಂದ ಬಂದ ಹಾಡುಗಾರನೊಬ್ಬ ನಮ್ಮ ಅಡುಗೆಮನೆಯಲ್ಲಿ ಕಡಲೆಗಂಜಿ ಕುಡಿಯುತ್ತ ಸಭೆಯಲ್ಲಿ ಹೇಳಬೇಕಾದದ್ದನ್ನು ಬಾಯಿಪಾಠ ಮಾಡುತ್ತಿದ್ದ. "ಎಸ್ತೆವನೆಂಬುವನು ತುಲೂಸಿನ ಕುಲೀನನ ಮಗ. ಎತ್ತರದ ನಿಲುವು, ಹೊಂಬಣ್ಣದ ಕೂದಲು. ರೊಕಲಾವದ ದೊರೆಸಾನಿಗೆ ಮನಸೋತು, ಬೇರೆ ಹೆಣ್ಣನ್ನು ಕಣ್ಣೆತ್ತಿಯೂ ನೋಡದೆ, ಕೊರಗಿ ಪ್ರಾಣಬಿಟ್ಟ."

ಎಸ್ತೆವ ಪಕ್ಕದಲ್ಲೇ ಬೆಳ್ಳುಳ್ಳಿ ಸುಲಿಯುತ್ತಿದ್ದ. "ಪಾಪ, ಯಾವಾಗ ಸತ್ತನಂತೆ?" ಎಂದು ಕೇಳಿದ.

"ತುಂಬಾ ಹಿಂದೆ ಕಣಜ್ಜ," ಎಂದ ಹಾಡುಗಾರ.

ಬ್ರೂನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಸೌದೆ ಕೋಣೆಗೆ ಹೋದವಳು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಎಸ್ತೆವ ಎದ್ದು ಹೋಗಿ ಬಾಗಿಲ ಹೊರಗೆ ಕೂತ. ಈ ಸಲ ಒಳಗೆ ಅವಳು, ಹೊರಗೆ ಅವನು.

ಅತ್ತೆ ಸತ್ತಳು, ಇಸಾರ್ನ್ ದೊರೆ ಸತ್ತ. ಕೊನೆಗೆ ಅಮ್ಮನವರಿಗೂ ಕಾಯಿಲೆ ಬಂತು. ಹಾಸಿಗೆಯಲ್ಲಿ ಅವರು ಬ್ರೂನಾಳಿಗೆ ಏನೋ ಹೇಳಿದರಂತೆ. ಏನೆಂದು ನಾನು ಎಷ್ಟು ಕೆದಕಿದರೂ ಅವಳು ಬಾಯಿಬಿಡಲಿಲ್ಲ. ಹೆಣಕ್ಕೆ ಜಡೆ ಹೆಣೆದವಳೂ ಅವಳೇ. ಹೆಣೆಯಲು ಜಡೆಯಿಲ್ಲದ ಮೇಲೆ ನನ್ನ ಜೊತೆ ಹಿಟ್ಟು ನಾದಲು ಬಂದಳು.

ಒಡೆಯರು ಸತ್ತರೆ ಒಪ್ಪಿಸಿದ ಕೈ ವಾಪಸು ಬರುತ್ತದೆ. ಅದನ್ನು ವಾರಸುದಾರನಿಗೆ ಮತ್ತೆ ಒಪ್ಪಿಸಬೇಕು. ಒಪ್ಪಿಸುವವರೆಗೆ ಮನುಷ್ಯ ಯಾರವನೂ ಅಲ್ಲ. ಈಗ ಕೋಟೆ ಹಿರಿಯ ಮಗಳ ಗಂಡನದು. ಹಾಡೆಂದರೆ ಆಕಳಿಸುವ ಮನುಷ್ಯ. ಅವನು ದಿನ ಗೊತ್ತುಮಾಡಿದ. ಬಾರದವರ ಜವಾಬ್ದಾರಿ ತನ್ನದಲ್ಲ ಎಂದು ಸಾರಿಸಿದ. ಮಠಕ್ಕೂ ಹೊಸ ಪಾರುಪತ್ಯಗಾರ ಬಂದಿದ್ದ, ಹಳೆಯ ಲೆಕ್ಕಗಳನ್ನೆಲ್ಲ ಕೆದಕುವವನೆಂದು ಸುದ್ದಿ. ಅವನೂ ಆ ದಿನ ಅತಿಥಿಯಾಗಿ ಸಭೆಯಲ್ಲಿ ಕೂತಿದ್ದ.

ಗಂಡಸರೆಲ್ಲ ಸಭೆಯ ಮೆಟ್ಟಿಲಲ್ಲಿ ಸಾಲು ನಿಂತರು. ಎಸ್ತೆವ ತಲೆಗವುಸು ತೆಗೆದು, ಸೊಂಟದ ಪಟ್ಟಿ ಬಿಚ್ಚಿ, ತಾನೂ ಸಾಲಿನಲ್ಲಿದ್ದವನು ಅದನ್ನು ಬಿಟ್ಟು ಅಂಗಳ ದಾಟಿ ಅಡುಗೆಮನೆಗೆ ಬಂದ. ಬ್ರೂನಾ ಮೊಣಕೈವರೆಗೆ ಹಿಟ್ಟಿನಲ್ಲಿದ್ದಳು.

"ಏನೋ, ಸಾಲು ಬಿಟ್ಟು ಬಂದೆ? ಹೋಗು ಮೊದಲು. ಆ ಮಠದೋನು ಕೂತಿದಾನೆ."

ಅವನು ಕಟ್ಟೆ ಹಿಡಿದುಕೊಂಡು ಒಂದೊಂದೇ ಮಂಡಿ ಊರಿದ. ಊರಲು ಕಷ್ಟವಾಯಿತು, ನಾನು ಭುಜ ಹಿಡಿದೆ. ಕೈ ಜೋಡಿಸಿ ಅವಳ ಮುಂದೆ ಚಾಚಿದ.

"ಹುಚ್ಚು ಹಿಡಿದಿದೆಯಾ ನಿಂಗೆ?" ಎಂದಳು ಬ್ರೂನಾ. "ನಾನು ಯಾವ ದೊರೆಸಾನಿ ಅಂತ? ನಂಗೆ ಕೋಟೆ ಇದೆಯಾ, ಕತ್ತಿ ಇದೆಯಾ? ನಾಳೆ ಅವರು ಎಳ್ಕೊಂಡು ಹೋದ್ರೆ ನಾನು ಏನ್ ಮಾಡೋಕಾಗುತ್ತೆ?"

"ಏನೂ ಆಗಲ್ಲ," ಎಂದ ಎಸ್ತೆವ. "ಈ ಕೈ ಇಷ್ಟು ವರ್ಷ ಎಲ್ಲೆಲ್ಲೋ ಇಟ್ಟೆ. ಇವತ್ತೊಂದು ದಿನ ನನ್ನ ಹತ್ರ ಇದೆ ಬ್ರೂನಾ. ನಾಳೆ ಇರಲ್ಲ."

"ಕೈಯಾದ್ರೂ ತೊಳ್ಕೋತೀನಿ ಇರೋ."

"ಬೇಡ."

ಅವಳು ಹಿಟ್ಟಿನ ಕೈಗಳಲ್ಲೇ ಅವನ ಕೈಗಳನ್ನು ಹಿಡಿದಳು. ನಾನು ಒಲೆಯ ಕಡೆ ತಿರುಗಿ ನಿಂತೆ. ಒಳಗೆ ರೊಟ್ಟಿ ಸೀಯುತ್ತಿತ್ತು, ತೆಗೆಯಲು ಕೈ ಬರಲಿಲ್ಲ.

ಅಷ್ಟರಲ್ಲಿ ಹೊಸ ದೊರೆಯ ಕಾರಭಾರಿ ಬಾಗಿಲಲ್ಲಿ ಬಂದು ನಿಂತ. ಮಂಡಿಯೂರಿದವನನ್ನು, ಹಿಡಿದವಳನ್ನು, ನನ್ನನ್ನು ನೋಡಿದ.

"ಎಸ್ತೆವಜ್ಜ, ಎಲ್ಲರದೂ ಆಯ್ತು, ಇನ್ನು ನಿಂದೊಂದೇ. ದೊರೆ ಕೇಳ್ತಿದಾರೆ, ಮಠದ ಪಾರುಪತ್ಯಗಾರರೂ ಕೇಳ್ತಿದಾರೆ. ನೀನು ಯಾರವನು ಅಂತ ಹೋಗಿ ಹೇಳಲಿ?"

ಎಸ್ತೆವ ಬಾಯಿ ತೆರೆಯುವ ಮೊದಲೇ ಬ್ರೂನಾ ಅವನನ್ನು ಹಿಡಿದ ಕೈಯಲ್ಲೇ ಮೇಲೆತ್ತಿ ನಿಲ್ಲಿಸಿದಳು.

"ನನ್ನವನು ಅಂತ ಹೋಗಿ ಹೇಳು," ಎಂದಳು.